ಊಟದ ಲೆಕ್ಕವೂ ಮೈಯ ಕಣಜವೂ

ಮನೆವಾರ್ತೆಯನ್ನು ನೋಡಿಕೊಳ್ಳುವವರಿಗೆ ಲೆಕ್ಕವೆಂಬುದು ಹೊಸದಲ್ಲ. ಹಾಲಿನವಳು ಅಳೆದು ಹೋದ ಪಾವುಗಳಿಗೆ ಗೋಡೆಯ ಮೇಲೆ ಇದ್ದಲಿನ ಗೆರೆ, ಅಂಗಡಿಯಿಂದ ಬಂದ ದಿನಸಿಗೆ ಉದ್ದನೆಯ ಖಾತೆಪುಸ್ತಕ, ಅಗಸನ ಮನೆಗೆ ಹೋದ ಬಟ್ಟೆಗೆ ಒಂದು ಚೀಟಿ,—ಹೀಗೆ ಮನೆಯೊಳಕ್ಕೆ ಬಂದದ್ದಕ್ಕೂ ಹೊರಕ್ಕೆ ಹೋದದ್ದಕ್ಕೂ ನಮ್ಮ ಹಿರಿಯರು ಒಂದಲ್ಲ ಒಂದು ಬಗೆಯಲ್ಲಿ ಲೆಕ್ಕವಿಟ್ಟುಕೊಂಡು ಬಂದವರೇ. ಆದರೆ ಎಲೆಯ ಮುಂದೆ ಕುಳಿತವರು ಎಷ್ಟು ಉಂಡರೆಂಬುದನ್ನು ಮಾತ್ರ ಅವರು ಎಣಿಸುತ್ತಿರಲಿಲ್ಲ. ಎಣಿಸಿದರೆ ದೃಷ್ಟಿಯಾದೀತೆಂಬ ಅಳುಕು. ತುತ್ತು ಲೆಕ್ಕ ಹಾಕುವ ಅತ್ತೆಯ ಮನೆಗೆ ಹೆಣ್ಣು ಕೊಡುವುದಕ್ಕೆ ಜನ ಹಿಂದೆಮುಂದೆ ನೋಡುತ್ತಿದ್ದರು.

ಈಗ ಆ ತುತ್ತಿನ ಲೆಕ್ಕವೇ ನಮ್ಮ ಮನೆಗಳಿಗೆ ಬಂದಿದೆ. ಅದನ್ನು ತಂದವಳು ಅತ್ತೆಯಲ್ಲ, ಕೈಯಲ್ಲಿರುವ ಫೋನು. ಇದನ್ನು ಬರಿಯ ಹುಚ್ಚೆಂದು ತಳ್ಳಿಹಾಕುವಂತೆಯೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆಯ ಕಾಯಿಲೆಯವರು ಸುಮಾರು ೧೦ ಕೋಟಿ ೧೦ ಲಕ್ಷ ಮಂದಿ. ಇಷ್ಟು ಜನರಿಗೆ ವೈದ್ಯರು ಹೇಳುವ ಮೊದಲನೆಯ ಮಾತು, ‘ಏನು ತಿನ್ನುತ್ತೀರೋ ಬರೆದಿಡಿ’ ಎಂಬುದು. ಮೊದಲು ಒಂದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ವಾರ ಬರೆದು ಬಿಡುತ್ತಿದ್ದರು. ಈಗ ಆಪ್‌ನಲ್ಲಿ ಬರೆಯುತ್ತಾರೆ. ‘ಮುದ್ದೆ ಒಂದು, ಸೊಪ್ಪಿನ ಸಾರು ಒಂದು ಬಟ್ಟಲು, ಮಜ್ಜಿಗೆ’ ಎಂದು ಹೇಳಿದರಾಯಿತು, ಇಷ್ಟು ಕ್ಯಾಲೊರಿ, ಇಷ್ಟು ಪಿಷ್ಟ, ಇಷ್ಟು ಸಸಾರಜನಕ ಎಂದು ಅದೇ ಕೂಡಿ ತೋರಿಸುತ್ತದೆ. ಈ ಬಗೆಯ ಆಪ್‌ಗಳಲ್ಲಿ ನಮ್ಮ ನಾಡಿನದೂ ಒಂದುಂಟು: ಹೆಲ್ದಿಫೈಮಿ ಎಂಬುದು ೨೦೧೨ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಅಮೆರಿಕದ ಮೈಫಿಟ್ನೆಸ್‌ಪಾಲ್ ೨೦೦೫ರಷ್ಟು ಹಿಂದಿನದು.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುವ ಕಾರಣವಿರಲಿಲ್ಲ. ಊಟದ ಆಪ್ ಕೆಲವು ದಿನಗಳ ತರುವಾಯ ಒಂದು ಪ್ರಶ್ನೆ ಕೇಳುತ್ತದೆ: ‘ನಿಮ್ಮ ಫೋನಿನ ಆರೋಗ್ಯದ ಭಾಗದೊಡನೆ ನನ್ನನ್ನು ಜೋಡಿಸಲೋ?’ ಕೆಳಗೆ ‘ಎಲ್ಲವನ್ನೂ ಅನುಮತಿಸಿ’ ಎಂದು ಒಂದು ಗುಂಡಿ. ನೂರಕ್ಕೆ ತೊಂಬತ್ತು ಮಂದಿ ಅದನ್ನು ಒತ್ತಿ ಮುಂದಕ್ಕೆ ಹೋಗುತ್ತಾರೆಂದು ನನ್ನ ಎಣಿಕೆ. ಆ ಗುಂಡಿಯ ಹಿಂದೆ ಏನಿದೆಯೆಂಬುದನ್ನು ಗೃಹಸ್ಥರು ಒಂದು ಗಳಿಗೆ ಕುಳಿತು ತಿಳಿಯುವುದು ಒಳ್ಳೆಯದು.

ನಮ್ಮ ಬಯಲುಸೀಮೆಯ ಮನೆಗಳಲ್ಲಿ ಕಣಜವಿರುತ್ತಿತ್ತಷ್ಟೆ. ಹೊಲದ ರಾಗಿ, ಗುತ್ತಿಗೆಯ ಜೋಳ, ಯಾರೋ ಸಾಲ ತೀರಿಸಲೆಂದು ತಂದು ಅಳೆದ ನವಣೆ, ಎಲ್ಲವೂ ಬಂದು ಸೇರುವ ಸ್ಥಳ ಅದು. ಫೋನಿನಲ್ಲಿರುವ ಆರೋಗ್ಯದ ಭಾಗವೂ ಅಂಥದೊಂದು ಕಣಜ. ಐಫೋನಿನಲ್ಲಿ ಇದನ್ನು ಆಪಲ್ ಕಂಪೆನಿಯವರು ‘ಹೆಲ್ತ್’ ಎಂಬ ಹೆಸರಿನಿಂದ ೨೦೧೪ರಲ್ಲಿಯೇ ಇಟ್ಟರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸಂತೆಯಲ್ಲಿ ನೋಡಿದರೆ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಅದರಲ್ಲಿ ಇದರ ಹೆಸರು ‘ಹೆಲ್ತ್ ಕನೆಕ್ಟ್’. ಗೂಗಲ್ ಕಂಪೆನಿಯವರು ಸ್ಯಾಮ್‌ಸಂಗ್‌ನವರ ಜೊತೆಗೂಡಿ ೨೦೨೨ರ ಮೇ ತಿಂಗಳಿನಲ್ಲಿ ಅದನ್ನು ಪ್ರಕಟಿಸಿದರು. ೨೦೨೩ರಲ್ಲಿ ಬಂದ ಆಂಡ್ರಾಯ್ಡ್ ೧೪ರಿಂದ ಅದು ಫೋನಿನ ಅಂಗವೇ ಆಗಿಹೋಯಿತು. ಮಣಿಕಟ್ಟಿನ ಪಟ್ಟಿ ಎಣಿಸಿದ ಹೆಜ್ಜೆ, ತೂಕದ ಯಂತ್ರ ಕಂಡ ತೂಕ, ಸಕ್ಕರೆ ಅಳೆಯುವ ಯಂತ್ರದ ಅಂಕಿ, ರಾತ್ರಿಯ ನಿದ್ದೆ, ಊಟದ ಆಪ್ ಬರೆದ ಊಟ, ಎಲ್ಲವೂ ಇಲ್ಲಿ ಬಂದು ಸೇರಬಹುದು.

ಕಣಜಕ್ಕೂ ಅಂಗಡಿಗೂ ಭೇದವುಂಟು. ಕಣಜವಿರುವುದು ನಮ್ಮ ಮನೆಯಲ್ಲಿ. ಹೆಲ್ತ್ ಕನೆಕ್ಟಿನಲ್ಲಿರುವುದೆಲ್ಲ ಫೋನಿನಲ್ಲಿಯೇ, ಬೀಗಮುದ್ರೆಯೊಳಗೆ ಇರುತ್ತದೆ. ಊಟದ ಆಪ್ ಬರೆದುಕೊಳ್ಳುವುದಾದರೋ ಅದರ ಒಡೆಯರ ಯಂತ್ರಗಳಿಗೆ, ಎಲ್ಲಿಯೋ ದೂರಕ್ಕೆ, ಹೋಗಿ ಸೇರುವುದೇ ಸಾಮಾನ್ಯ. ಆದಕಾರಣ ಕಣಜಕ್ಕೆ ಹಾಕುವುದು ಒಂದು ಮಾತು, ಕಣಜದಿಂದ ತೆಗೆದುಕೊಂಡು ಹೋಗುವುದು ಬೇರೆಯೇ ಒಂದು ಮಾತು. ಫೋನಿನವರು ಇದನ್ನು ತಿಳಿದೇ ಪ್ರತಿಯೊಂದು ಪದಾರ್ಥಕ್ಕೂ ಎರಡೆರಡು ಬಾಗಿಲು ಇಟ್ಟಿದ್ದಾರೆ. ತೂಕವನ್ನು ಬರೆಯಲು ಒಂದು ಅನುಮತಿ, ಓದಲು ಒಂದು, ಹೆಜ್ಜೆಯನ್ನು ಬರೆಯಲು ಒಂದು, ಓದಲು ಒಂದು, ಊಟಕ್ಕೂ ಹಾಗೆಯೇ. ಯಾವುದನ್ನು ಬೇಕಾದರೂ ತೆರೆಯಬಹುದು, ಯಾವುದನ್ನು ಬೇಕಾದರೂ ಮುಚ್ಚಬಹುದು. ‘ಎಲ್ಲವನ್ನೂ ಅನುಮತಿಸಿ’ ಎಂಬ ಗುಂಡಿ ಈ ಬಾಗಿಲುಗಳನ್ನೆಲ್ಲ ಒಂದೇ ಏಟಿಗೆ ತೆರೆಯುತ್ತದೆ. ಏಳುಸುತ್ತಿನ ಕೋಟೆಯ ನೆರಳಿನಲ್ಲಿ ಬಾಳುವ ನಮಗೆ, ಒಂದು ಕಿಂಡಿಯ ಕಡೆಗೆ ಎಚ್ಚರವಿಲ್ಲದಿದ್ದರೆ ಏನಾದೀತೆಂಬುದನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಐಫೋನಿನಲ್ಲಿ ಒಂದು ವಿನೋದವಿದೆ. ಯಾವುದಾದರೊಂದು ಆಪ್‌ಗೆ ನಾವು ಓದುವ ಅನುಮತಿ ಕೊಡದಿದ್ದರೆ, ಅದಕ್ಕೆ ‘ಕೊಡುವುದಿಲ್ಲ’ ಎಂಬ ಉತ್ತರ ದೊರೆಯುವುದಿಲ್ಲ. ಅಲ್ಲಿ ಏನೂ ಇಲ್ಲವೇ ಇಲ್ಲವೆಂಬಂತೆ ಕಾಣುತ್ತದೆ. ಬಟ್ಟಲು ಹಿಡಿದು ಬಂದ ನೆರೆಯಾಕೆಗೆ ‘ಸಕ್ಕರೆ ಮುಗಿದಿದೆ ಕಣಮ್ಮ’ ಎಂದು ಹೇಳಿ ಕಳುಹಿಸುವ ಗೃಹಿಣಿಯ ಜಾಣ್ಮೆ ಇದು. ಇದನ್ನು ಯೋಚಿಸಿದವರ ಮನೆಯಲ್ಲಿ ಅಜ್ಜಿಯೊಬ್ಬಳು ಇದ್ದಿರಬೇಕು.

ಜೋಡಿಸುವುದರಿಂದ ಪ್ರಯೋಜನವಿಲ್ಲವೆಂದು ನಾನು ಹೇಳುವುದಿಲ್ಲ. ಹಿರಿಯೂರಿನಲ್ಲಿರುವ ನನ್ನ ಅಕ್ಕನಿಗೆ ಹನ್ನೊಂದು ವರ್ಷಗಳಿಂದ ಸಕ್ಕರೆಯ ಕಾಯಿಲೆ. ಅವಳ ಮಗ ಹೊರದೇಶದಲ್ಲಿದ್ದಾನೆ. ರಜಕ್ಕೆ ಬಂದಾಗ ಅವಳ ಫೋನಿನಲ್ಲಿ ಊಟದ ಆಪ್ ಒಂದನ್ನು ಹಾಕಿ, ಮಣಿಕಟ್ಟಿಗೆ ಪಟ್ಟಿಯೊಂದನ್ನು ಕಟ್ಟಿ, ಸಕ್ಕರೆ ಅಳೆಯುವ ಯಂತ್ರವನ್ನೂ ಕೊಟ್ಟು, ಎಲ್ಲವನ್ನೂ ಹೆಲ್ತ್ ಕನೆಕ್ಟಿಗೆ ಜೋಡಿಸಿ ಹೋದ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅಕ್ಕ ತಾನಾಗಿಯೇ ಒಂದು ಸಂಗತಿಯನ್ನು ಕಂಡುಹಿಡಿದಳು: ರಾತ್ರಿ ಅನ್ನ ಉಂಡ ಮರುದಿನ ಬೆಳಗಿನ ಅಂಕಿ ಒಂದು ಬಗೆ, ಮುದ್ದೆ ಉಂಡ ಮರುದಿನ ಇನ್ನೊಂದು ಬಗೆ. ಇದು ಅವಳ ಮೈಯ ವಿಷಯ. ಎಲ್ಲರಿಗೂ ಹಾಗೆಯೇ ಎಂದಲ್ಲ. ಆದರೆ ಊಟವೂ ಸಕ್ಕರೆಯೂ ಒಂದೇ ಪುಟದಲ್ಲಿ ಅಕ್ಕಪಕ್ಕ ನಿಲ್ಲದೆ ಇದ್ದಿದ್ದರೆ ಅದು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಹನ್ನೊಂದು ವರ್ಷ ಚೀಟಿಗಳನ್ನು ಕಟ್ಟಿ ಇಟ್ಟಿದ್ದವಳಿಗೆ ಎರಡು ತಿಂಗಳಲ್ಲಿ ತಿಳಿಯಿತು.

ಆಮೇಲೆ ತೊಡಕು ಬಂದಿತು. ಅಕ್ಕ ದಿನವೂ ಬೆಳಗ್ಗೆ ತೇರುಮಲ್ಲೇಶ್ವರನ ಗುಡಿಯ ಕಡೆಗೆ ಹೋಗಿ ಒಂದು ಗಂಟೆ ನಡೆದು ಬರುತ್ತಾಳೆ. ಅರುವತ್ತು ಕಿಲೋ ತೂಕದವರು ಸಾಧಾರಣ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು ೨೧೦ ಕ್ಯಾಲೊರಿ ವೆಚ್ಚವೆಂದು ಲೆಕ್ಕ. ಸುಮ್ಮನೆ ಕುಳಿತಿದ್ದರೂ ಆಗುತ್ತಿದ್ದ ವೆಚ್ಚವೂ ಅದರಲ್ಲಿ ಸೇರಿದೆ. ಅವಳ ಆಪ್ ದಿನಕ್ಕೆ ೧೪೦೦ ಕ್ಯಾಲೊರಿ ಎಂದು ಗೊತ್ತುಮಾಡಿ, ನಡಿಗೆಯ ವೆಚ್ಚವನ್ನು ಅದಕ್ಕೆ ಕೂಡಿಸಿ, ‘ಇನ್ನು ಇಷ್ಟು ಉಳಿದಿದೆ’ ಎಂದು ಸಂಜೆ ತೋರಿಸುತ್ತಿತ್ತು. ಹಾಗೆ ಕೂಡಿಸುವುದೇ ನನಗೆ ಸರಿತೋರುವುದಿಲ್ಲ. ನಡೆದದ್ದಕ್ಕೆ ಕೂಲಿಯಾಗಿ ಊಟ ಕೊಡುವ ಪದ್ಧತಿ ಸಕ್ಕರೆಯ ಕಾಯಿಲೆಯವರಿಗೆ ತಕ್ಕುದಲ್ಲ. ಅದು ಹಾಗಿರಲಿ. ಕೂಡಿಸಬೇಕಾದದ್ದು ೨೧೦, ಕೂಡಿಸುತ್ತಿದ್ದುದು ೪೨೦. ಅಕ್ಕ ಫೋನಿನ ಮಾತನ್ನು ನಂಬಿ ರಾತ್ರಿಯ ಮುದ್ದೆಯನ್ನು ದೊಡ್ಡದು ಮಾಡಿಕೊಂಡಳು. ರಾಗಿಯ ಹಿಟ್ಟು ೧೦೦ ಗ್ರಾಮಿಗೆ ೩೨೦ ಕ್ಯಾಲೊರಿ. ೨೧೦ ಎಂದರೆ ೬೫ ಗ್ರಾಂ ಹಿಟ್ಟು, ಅಂದರೆ ದಿನವೂ ಮುಕ್ಕಾಲು ಮುದ್ದೆಯಷ್ಟು ಹೆಚ್ಚು. ಮೂರು ವಾರ ಹೀಗೆ ನಡೆಯಿತು. ಬೆಳಗಿನ ಸಕ್ಕರೆ ಏರುತ್ತ ಹೋಯಿತು. ವೈದ್ಯರು ಮಾತ್ರೆ ಹೆಚ್ಚಿಸುವ ಮಾತನ್ನಾಡಿದರು.

ಆ ಭಾನುವಾರ ನಾನು ಹಿರಿಯೂರಿಗೆ ಹೋಗಿದ್ದೆ. ಅಕ್ಕ ಫೋನನ್ನು ಮುಂದಿಟ್ಟು, “ನೋಡೋ ತಮ್ಮ, ನಾನು ಒಂದು ತುತ್ತೂ ಮೀರಿಲ್ಲ. ಇದು ತಿನ್ನು ಅಂದಷ್ಟೇ ತಿಂದಿದೀನಿ. ಆದರೂ ಹಿಂಗೆ!” ಎಂದಳು. ಇಬ್ಬರೂ ಕುಳಿತು ಒಂದೊಂದು ದಿನದ ಜಮೆಯನ್ನು ನೋಡಿದೆವು. ಸಿಕ್ಕಿತು. ಪಟ್ಟಿಯ ಆಪ್ ಊಟದ ಆಪ್‌ಗೆ ನೇರವಾಗಿ ಜೋಡಿಸಲ್ಪಟ್ಟಿತ್ತು. ಅದೇ ಪಟ್ಟಿ ಹೆಲ್ತ್ ಕನೆಕ್ಟಿಗೂ ನಡಿಗೆಯನ್ನು ಬರೆಯುತ್ತಿತ್ತು, ಅಲ್ಲಿಂದ ಊಟದ ಆಪ್ ಮತ್ತೊಮ್ಮೆ ಅದನ್ನು ಓದುತ್ತಿತ್ತು. ಒಂದೇ ಚೀಲ ರಾಗಿಯನ್ನು ಮುಂಬಾಗಿಲಿನಲ್ಲಿ ಒಮ್ಮೆ, ಹಿತ್ತಿಲ ಬಾಗಿಲಿನಲ್ಲಿ ಒಮ್ಮೆ ಅಳೆದು, ಎರಡು ಚೀಲವೆಂದು ಬರೆದುಕೊಂಡ ಹಾಗೆ. ಸಮಯ ನೋಡಿದರೆ ಎರಡೂ ಬೆಳಗಿನ ೫ ಗಂಟೆ ೫೦ ನಿಮಿಷಕ್ಕೇ ಆರಂಭ.

ಇಂಥದು ಆಗದಿರಲೆಂದು ಕಣಜದಲ್ಲಿಯೇ ಒಂದು ಏರ್ಪಾಡಿದೆ. ಒಂದೇ ಹೊತ್ತಿನ ಹೆಜ್ಜೆಗಳನ್ನು ಎರಡು ಕಡೆಯಿಂದ ಬರೆದಿದ್ದರೆ ಯಾರ ಮಾತನ್ನು ಮೊದಲು ನಂಬಬೇಕೆಂದು ನಾವು ಕ್ರಮ ಹಾಕಿ ಇಡಬಹುದು. ಕಣಜವನ್ನು ‘ಒಟ್ಟು ಎಷ್ಟು?’ ಎಂದು ಕೇಳಿದರೆ ಅದು ಆ ಕ್ರಮದಂತೆ ಒಂದನ್ನೇ ಹಿಡಿದು ಹೇಳುತ್ತದೆ. ಐಫೋನಿನಲ್ಲಿಯೂ ಹಾಗೆಯೇ. ಆದರೆ ಕೇಳುವ ಆಪ್ ಒಟ್ಟನ್ನು ಕೇಳದೆ ಬಿಡಿಬಿಡಿಯಾಗಿ ಓದಿ ತಾನೇ ಕೂಡಿಕೊಂಡರೆ, ಇಲ್ಲವೆ ಕಣಜದ ಹೊರಗಿನಿಂದ ಇನ್ನೊಂದು ದಾರಿಯಲ್ಲಿಯೂ ತರಿಸಿಕೊಂಡರೆ, ಆ ಕ್ರಮದಿಂದ ಏನೂ ಆಗದು. ದಾರಿ ಒಂದೇ ಇರಬೇಕು. ನಾವು ಪಟ್ಟಿಗೂ ಊಟದ ಆಪ್‌ಗೂ ಇದ್ದ ನೇರದ ದಾರಿಯನ್ನು ಕತ್ತರಿಸಿದೆವು. ನಡಿಗೆಯನ್ನು ಊಟಕ್ಕೆ ಕೂಡಿಸುವ ಏರ್ಪಾಡನ್ನೂ ನಿಲ್ಲಿಸಿದೆವು. ಮಾರಿಕಣಿವೆಯ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ದಿನವೂ ಓದುವುದು ಹಿರಿಯೂರಿನವರ ರೂಢಿ. ೧೯೩೩ರ ತರುವಾಯ ೨೦೨೨ರಲ್ಲಿ ವಾಣಿವಿಲಾಸ ಸಾಗರ ತುಂಬಿ ಕೋಡಿ ಹರಿದಾಗ ೧೩೦ ಅಡಿ ಎಂಬ ಅಂಕಿಯನ್ನು ಮಕ್ಕಳೂ ಹೇಳುತ್ತಿದ್ದರು. ಎರಡು ಕಡೆ ಅಳೆದು ಕೂಡಿಸಿ ೨೬೦ ಅಡಿ ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ಮೈಯ ವಿಷಯದಲ್ಲಿ ಮಾತ್ರ ಅಷ್ಟು ಸುಲಭವಾಗಿ ನಂಬಿಬಿಡುತ್ತೇವೆ.

ಹೆಚ್ಚು ಬರೆಯುವುದರಿಂದ ಬಂದ ತೊಡಕು ಇದಾದರೆ, ಬರೆಯದೆ ಇರುವುದರಿಂದ ಬರುವ ತೊಡಕನ್ನು ಹೊಸದುರ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಕಂಡೆ. ಅವಳ ಮೊಮ್ಮಗಳು ಕಾಲೇಜಿನಲ್ಲಿ ಓದುವವಳು. ಅಜ್ಜಿಯ ಊಟವನ್ನು ಆಪ್‌ನಲ್ಲಿ ಬರೆದು ಕಣಜಕ್ಕೆ ಕಳುಹಿಸುತ್ತಿದ್ದಳು. ತಿಂಗಳಾದ ಮೇಲೆ ಕಣಜದಲ್ಲಿ ನೋಡಿದರೆ, ಅಜ್ಜಿಗೆ ದಿನಕ್ಕೆ ದೊರೆಯುವ ಕ್ಯಾಲ್ಸಿಯಂ ನೂರು ಮಿಲಿಗ್ರಾಮಿಗೂ ಕಡಮೆ! ದೊಡ್ಡವರಿಗೆ ದಿನಕ್ಕೆ ೧೦೦೦ ಮಿಲಿಗ್ರಾಂ ಬೇಕೆಂದು ನಮ್ಮ ದೇಶದ ಆಹಾರತಜ್ಞರು ೨೦೨೦ರಲ್ಲಿ ಗೊತ್ತುಮಾಡಿದ್ದಾರೆ. ಮನೆಯಲ್ಲಿ ಗಾಬರಿ, ಸಂಜೆಯ ಹೊತ್ತಿಗೆ ಅಂಗಡಿಯಿಂದ ಮಾತ್ರೆಯ ಶೀಸೆ ಬಂದಿತು.

ಚಿಕ್ಕಮ್ಮ ದಿನಕ್ಕೆ ಎರಡು ಮುದ್ದೆ ಉಣ್ಣುವವಳು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೧೭ರಲ್ಲಿ ೫೨೮ ಆಹಾರಪದಾರ್ಥಗಳನ್ನು ಪರೀಕ್ಷಿಸಿ ಪ್ರಕಟಿಸಿದ ಕೋಷ್ಟಕದಲ್ಲಿ ೧೦೦ ಗ್ರಾಂ ರಾಗಿಗೆ ೩೬೪ ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟಿದ್ದಾರೆ. ಅದಕ್ಕೆ ಹಿಂದಿನ ಕೋಷ್ಟಕದಲ್ಲಿ ೩೪೪ ಎಂದಿತ್ತು. ಯಾವುದನ್ನು ಹಿಡಿದರೂ ಎರಡು ಮುದ್ದೆಗೆ ೭೦೦ರ ಸುತ್ತುಮುತ್ತ ಆಗಲೇಬೇಕು. ಅದೆಲ್ಲವೂ ಮೈಗೆ ಹತ್ತುವುದಿಲ್ಲವೆಂಬುದು ಬೇರೆ ಮಾತು. ಹಾಗಾದರೆ ಅದು ಎಲ್ಲಿಗೆ ಹೋಯಿತು? ಮೊಮ್ಮಗಳು ಆಪ್‌ನಲ್ಲಿ ಆರಿಸಿಕೊಂಡ ‘ರಾಗಿ ಮುದ್ದೆ’ ಯಾರೋ ಬಳಸುವವರೊಬ್ಬರು ತಾವೇ ಬರೆದು ಸೇರಿಸಿದ್ದು. ಅವರು ಕ್ಯಾಲೊರಿಯನ್ನೂ ಪಿಷ್ಟವನ್ನೂ ತುಂಬಿ, ಉಳಿದ ಮನೆಗಳನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟದ್ದು ಕೂಡಿಸುವಾಗ ಸೊನ್ನೆಯಾಯಿತು. ಬರೆಯದಿರುವುದು ಬೇರೆ, ಇಲ್ಲದಿರುವುದು ಬೇರೆ. ಯಂತ್ರಕ್ಕೆ ಆ ಭೇದ ಕಾಣಲಿಲ್ಲ. ಸಂಸ್ಥೆಯ ಕೋಷ್ಟಕವನ್ನು ನೋಡಿ ಸರಿಯಾದ ಅಂಕಿಗಳಿಂದ ಮೊಮ್ಮಗಳೇ ಹೊಸದೊಂದು ‘ನಮ್ಮ ಮನೆಯ ಮುದ್ದೆ’ಯನ್ನು ಆಪ್‌ನಲ್ಲಿ ಮಾಡಿಟ್ಟಳು. ಹಿಟ್ಟನ್ನು ಹಸಿಯಾಗಿ ತೂಗಿ, ಎಷ್ಟು ಮುದ್ದೆಯಾಯಿತೋ ಅಷ್ಟರಿಂದ ಭಾಗಿಸಿದಳು. ಮುದ್ದೆಯ ಗಾತ್ರ ಕಟ್ಟುವ ಕೈಗೆ ಸೇರಿದ್ದು. ‘ಒಂದು’ ಎಂದರೆ ಎಷ್ಟೆಂದು ಬೆಂಗಳೂರಿನ ಯಂತ್ರವಾಗಲಿ ಅಮೆರಿಕದ ಯಂತ್ರವಾಗಲಿ ಹೇಳಲಾರದು.

ಈ ಕೋಷ್ಟಕಗಳ ವಂಶ ದೊಡ್ಡದು. ಅದೇ ಸಂಸ್ಥೆ ೧೯೧೮ರಲ್ಲಿ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬವರ ಕೈಯಲ್ಲಿ ಪುಟ್ಟದಾಗಿ ಆರಂಭವಾಯಿತು. ನಮ್ಮ ಆಹಾರಗಳ ಸತ್ತ್ವವನ್ನು ಕುರಿತು ಆಯ್ಕ್ರಾಯ್ಡ್ ಎಂಬವರು ಅಲ್ಲಿಂದ ೧೯೩೭ರಲ್ಲಿ ಪ್ರಕಟಿಸಿದ ಪುಸ್ತಕ ಅನೇಕ ಸಲ ಪರಿಷ್ಕಾರಗೊಂಡಿತು. ಅಷ್ಟು ಶ್ರಮದ ಅಂಕಿಗಳಿರುವಾಗ ಯಾರೋ ಅರ್ಧ ಬರೆದದ್ದನ್ನು ಹಿಡಿದು ಮಾತ್ರೆ ನುಂಗುವುದು ನ್ಯಾಯವಲ್ಲ. ಚಿಕ್ಕಮ್ಮ ಶೀಸೆಯನ್ನು ತೆರೆಯಲಿಲ್ಲ. ವೈದ್ಯರನ್ನು ಕೇಳಿದ ಮೇಲೆ ನೋಡೋಣವೆಂದು ದೇವರ ಗೂಡಿನ ಪಕ್ಕದಲ್ಲಿಟ್ಟಳು.

ಇನ್ನು ಹೊಳಲ್ಕೆರೆ. ಅಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ಹಗಲಿನಲ್ಲಿ ಮನೆಯಲ್ಲಿರುವುದು ಒಂದೇ ಫೋನು. ಅತ್ತೆ, ಸೊಸೆ, ಶಾಲೆಗೆ ಹೋಗುವ ಹುಡುಗ, ಮೂವರಿಗೂ ಅದೇ. ಕಣಜ ಮಾತ್ರ ಒಂದು ಫೋನಿಗೆ ಒಂದು ಮೈ ಎಂದು ತಿಳಿದಿರುತ್ತದೆ. ಹುಡುಗ ಫೋನನ್ನು ಜೇಬಿನಲ್ಲಿಟ್ಟುಕೊಂಡು ಬಯಲಿನಲ್ಲಿ ಚೆಂಡಾಡಿದ ದಿನ, ಮಂಡಿ ನೋವಿನ ಅತ್ತೆ ಹದಿನಾಲ್ಕು ಸಾವಿರ ಹೆಜ್ಜೆ ಇಟ್ಟಳೆಂದು ದಾಖಲೆಯಾಯಿತು. ಇದಕ್ಕೆ ಎಲ್ಲರೂ ನಕ್ಕರು. ಆದರೆ ಸೊಸೆ ನಗಲಿಲ್ಲ. ಅವಳು ತನ್ನ ತಿಂಗಳ ದಿನಗಳನ್ನು ಗುರುತಿಡಲು ಬೇರೊಂದು ಆಪ್ ಇಟ್ಟುಕೊಂಡಿದ್ದಳು. ಅದೂ ಅದೇ ಕಣಜಕ್ಕೆ ಬರೆಯುತ್ತಿತ್ತು. ಅತ್ತೆಗಾಗಿ ಹಾಕಿದ ಊಟದ ಆಪ್‌ಗೆ ಯಾರೋ ‘ಎಲ್ಲವನ್ನೂ ಅನುಮತಿಸಿ’ ಎಂದು ಒತ್ತಿದ್ದರು. ಮದುವೆಯಾಗಿ ಎರಡು ವರ್ಷವಾದ ಹೆಣ್ಣು; ಮನೆಯಲ್ಲಿ ಎಲ್ಲರೂ ಒಂದು ಸುದ್ದಿಗಾಗಿ ಕಾದಿರುವವರು. ತಾನು ಯಾರಿಗೂ ಹೇಳದ ಸಂಗತಿ, ಅತ್ತೆಯ ಸಾರಿನ ಲೆಕ್ಕ ಬರೆಯುವ ಪುಸ್ತಕದೊಳಗೆ ಹೋಗಿ ಕುಳಿತಿತೆಂದು ತಿಳಿದಾಗ ಆ ಮಗುವಿನ ಮುಖ ಹೇಗಾಗಿರಬೇಕು! ಅವಳು ಯಾರೊಡನೆಯೂ ಜಗಳವಾಡಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಫೋನಿನ ಏರ್ಪಾಡುಗಳಿಗೆ ಹೋಗಿ, ಆ ಬಾಗಿಲೊಂದನ್ನು ಮುಚ್ಚಿ, ಕಣಜದಲ್ಲಿದ್ದುದನ್ನು ಅಳಿಸಿಬಿಟ್ಟಳು. ಇದನ್ನು ನನ್ನ ಹೆಂಡತಿಗೆ ಮಾತ್ರ ಹೇಳಿದಳು. ಬರೆಯುವುದಕ್ಕೆ ಅವಳ ಒಪ್ಪಿಗೆಯನ್ನು ಕೇಳಿಯೇ ಬರೆದಿದ್ದೇನೆ.

ಆದರೆ ಗೃಹಸ್ಥರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಾಗಿಲು ಮುಚ್ಚಿದರೆ ಮುಂದೆ ಹೋಗುವುದು ನಿಲ್ಲುತ್ತದೆ. ಆಗಲೇ ಅಳೆದುಕೊಂಡು ಹೋದ ಕಾಳು ಹಿಂದಕ್ಕೆ ಬರುವುದಿಲ್ಲ. ಅದನ್ನು ಅಳಿಸಬೇಕೆಂದು ಆ ಆಪ್‌ನವರನ್ನೇ ಬೇರೆಯಾಗಿ ಕೇಳಬೇಕು. ಆಪ್‌ನವರಾದರೂ ಇಂದಿದ್ದವರು ನಾಳೆ ಇರುತ್ತಾರೆಂಬ ನಿಯಮವಿಲ್ಲ. ಮೈಫಿಟ್ನೆಸ್‌ಪಾಲನ್ನು ೨೦೧೫ರಲ್ಲಿ ಅಂಡರ್ ಆರ್ಮರ್ ಎಂಬ ಉಡುಪಿನ ಕಂಪೆನಿ ೪೭ ಕೋಟಿ ೫೦ ಲಕ್ಷ ಡಾಲರಿಗೆ ಕೊಂಡಿತು. ೨೦೨೦ರಲ್ಲಿ ಬೇರೆಯವರಿಗೆ ಮಾರಿತು. ಅಂಗಡಿ ಮಾರಿದಾಗ ಖಾತೆಪುಸ್ತಕವೂ ಹೊಸ ಸಾಹುಕಾರನ ಕೈಗೆ ಹೋಗುತ್ತದಲ್ಲವೇ? ನಡುವೆ ೨೦೧೮ರಲ್ಲಿ ಕಳ್ಳರು ನುಗ್ಗಿ ಸುಮಾರು ೧೫ ಕೋಟಿ ಖಾತೆಗಳ ಹೆಸರು, ಇ-ಮೇಲ್ ವಿಳಾಸ, ಮರೆಮಾಡಿದ ರೂಪದ ಪಾಸ್‌ವರ್ಡುಗಳನ್ನು ಒಯ್ದರು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬಲವೂ ಕೂಡಿಬರುತ್ತಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯವಹಾರದಲ್ಲಿ ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟು, ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಅದರ ಹಾದಿಯಲ್ಲಿ ಬಂದದ್ದು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಟ್ಟಿವೆ. ಅದರಲ್ಲಿ ಎರಡು ಮಾತು ನನಗೆ ಬಹಳ ಹಿಡಿಸಿತು. ಅನುಮತಿ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿಯೇ ಅಲ್ಲದೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಿಯಾದರೂ, ಎಂದರೆ ಕನ್ನಡದಲ್ಲಿಯೂ, ಓದುವ ಅವಕಾಶ ಕೊಡಬೇಕು ಎಂಬುದು ಒಂದು. ಅನುಮತಿ ಕೊಟ್ಟದ್ದು ಎಷ್ಟು ಸುಲಭವಾಗಿತ್ತೋ ಹಿಂದಕ್ಕೆ ತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು ಎಂಬುದು ಇನ್ನೊಂದು. ಹೊಳಲ್ಕೆರೆಯ ಸೊಸೆ ಇಂಗ್ಲಿಷ್ ಬಲ್ಲವಳು, ಬಾಗಿಲು ಹುಡುಕಿಕೊಂಡಳು. ಅವಳ ಅತ್ತೆಯಾಗಿದ್ದರೆ?

ಹಿರಿಯೂರಿನ ಕತೆ ಅಲ್ಲಿಗೇ ಮುಗಿದಿರಲಿಲ್ಲ. ನಡಿಗೆಯ ಲೆಕ್ಕ ಸರಿಹೋದ ಮೇಲೆ ಅಕ್ಕನ ಸಕ್ಕರೆ ಇಳಿಯತೊಡಗಿತು. ಅಷ್ಟರಲ್ಲಿ ನೋಡಿದರೆ ಅವಳ ಊಟದ ದಾಖಲೆಯೇ ವಿಚಿತ್ರವಾಯಿತು. ದಿನವೂ ಒಂದೇ ಊಟ: ಮುದ್ದೆ ಒಂದು, ಸಾರು, ಸೌತೆಕಾಯಿ, ಮಜ್ಜಿಗೆ. ಹಬ್ಬದ ದಿನವೂ ಅಷ್ಟೇ. ಅಮಾವಾಸ್ಯೆಯ ಮರುದಿನ ಸಕ್ಕರೆಯ ಅಂಕಿ ೨೧೦. ಹಿಂದಿನ ರಾತ್ರಿಯ ಎಲೆಯ ಮೇಲೆ ಸೌತೆಕಾಯಿ! ವೈದ್ಯರಿಗೂ ಇದು ಒಗಟಾಯಿತು. ನಾನು ಕೇಳಿದ್ದಕ್ಕೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಬರೆದದ್ದು ಅವನಿಗೆ ಕಾಣುತ್ತಲ್ಲೋ” ಎಂದಳು.

ಸಂಗತಿ ಹೀಗೆ. ಆಪ್‌ನ ಖಾತೆಯನ್ನು ಮಗ ತನ್ನ ಇ-ಮೇಲ್ ವಿಳಾಸದಿಂದಲೇ ತೆರೆದಿದ್ದ. ಕಣಜ ಅಕ್ಕನ ಫೋನಿನಲ್ಲಿಯೇ ಇದ್ದರೂ ಅದರಿಂದ ಆಪ್ ಓದಿಕೊಂಡದ್ದೆಲ್ಲವೂ, ಅಕ್ಕ ಬರೆದ ಊಟವೂ, ಅಲ್ಲಿ ಅವನ ಫೋನಿನಲ್ಲಿ ತೆರೆದುಕೊಳ್ಳುತ್ತಿತ್ತು. ಪ್ರೀತಿಯಿಂದಲೇ ಮಾಡಿದ್ದು, ಸಂದೇಹವಿಲ್ಲ. ದೂರದಲ್ಲಿರುವ ಮಗನಿಗೆ ತಾಯಿಯನ್ನು ನೋಡಿಕೊಳ್ಳಲು ಬೇರೆ ಏನು ದಾರಿ? ಆದರೆ ಹಬ್ಬದ ಮರುದಿನ ಬೆಳಗಾಗುವ ಮೊದಲೇ ಅವನ ಕರೆ ಬರುತ್ತಿತ್ತು: “ಅಮ್ಮಾ, ಹೋಳಿಗೆ ಎರಡು ತಿಂದಿದೀಯಲ್ಲ?” ಎರಡು ಸಲ ಕರೆ ಬಂದ ಮೇಲೆ ಅಕ್ಕ ಹೋಳಿಗೆಯನ್ನು ಬಿಡಲಿಲ್ಲ, ಬರೆಯುವುದನ್ನು ಬಿಟ್ಟಳು. “ಅವರಪ್ಪ ಬದುಕಿದ್ದಾಗಲೂ ನನ್ನ ಎಲೆ ಕಡೆ ನೋಡಿದೋರಲ್ಲ” ಎಂದು ಹೇಳುವಾಗ ಅವಳ ಗಂಟಲು ಕಟ್ಟಿತು.

ಯಾರಿಗಾಗಿ ಈ ಲೆಕ್ಕ? ವೈದ್ಯರು ನಿಜ ತಿಳಿದು ಔಷಧ ಕೊಡಲೆಂದು. ನೋಡುವ ಕಣ್ಣುಗಳು ಹೆಚ್ಚಿದಷ್ಟೂ ಬರೆಯುವ ಕೈ ಅಂಜುತ್ತದೆ; ಅಂಜಿದ ಕೈ ಬರೆದ ಲೆಕ್ಕದ ಮೇಲೆ ಮಾತ್ರೆ ಹೆಚ್ಚಿಸಿದರೆ ಕೆಡುವುದು ಮೈ. ಎರಡು ಸಲ ಕೂಡಿಸಿದ ನಡಿಗೆಯನ್ನು ಕೂಡಿ ಕಳೆದು ಹಿಡಿಯಬಹುದು; ಬರೆಯದ ಹೋಳಿಗೆಯನ್ನು ಯಾವ ಯಂತ್ರ ಹಿಡಿದೀತು?

ಮುಂದಿನ ಭಾನುವಾರ ಮಗನ ಕರೆ ಬಂದಾಗ ಅಕ್ಕ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ತನ್ನ ಕರಾರುಗಳನ್ನು ಹೇಳಿದಳು. ಖಾತೆ ತನ್ನ ಹೆಸರಿನಲ್ಲಿ, ತನ್ನ ಫೋನಿನ ಸಂಖ್ಯೆಯಿಂದ ಹೊಸದಾಗಿ ತೆರೆಯಬೇಕು. ಹಳೆಯ ಖಾತೆಯಲ್ಲಿರುವುದನ್ನು ಅವನೇ ಅಳಿಸಬೇಕು. ಬೆಳಗಿನ ಸಕ್ಕರೆಯನ್ನೂ ತೂಕವನ್ನೂ ಭಾನುವಾರ ಭಾನುವಾರ ತಾನೇ ಬಾಯಲ್ಲಿ ಹೇಳುತ್ತಾಳೆ. ಊಟದ ವಿಚಾರ ಅವನು ಕೇಳಕೂಡದು. ಅದನ್ನು ವೈದ್ಯರಿಗೆ ತೋರಿಸುತ್ತಾಳೆ. ಅಂಕಿ ೨೫೦ ದಾಟಿದರೆ ಯಾವ ಹೊತ್ತಾದರೂ ಕರೆ ಮಾಡುತ್ತಾಳೆ, ಅವನಿಗೂ ನನಗೂ. ಮಗ ಮೊದಲು ನಕ್ಕ. ಆಮೇಲೆ ಸ್ವಲ್ಪ ವಾದಿಸಿದ. ‘ನಿನಗೇನಾದರೂ ಆದರೆ ನನಗೆ ಹೇಗೆ ಗೊತ್ತಾಗಬೇಕಮ್ಮ?’ ಎಂದು ಅವನು ಕೇಳಿದ್ದು ಅನ್ಯಾಯವಾದ ಮಾತೇನೂ ಅಲ್ಲ. ಅದಕ್ಕಾಗಿಯೇ ೨೫೦ರ ಕರಾರು ಸೇರಿದ್ದು. ಕೊನೆಗೆ ಒಪ್ಪಿದ.

ಈಗ ಅಕ್ಕನ ಫೋನಿನಲ್ಲಿ ಊಟದ ಆಪ್‌ಗೆ ಕಣಜದ ಎರಡು ಬಾಗಿಲು ಮಾತ್ರ ತೆರೆದಿವೆ: ಸಕ್ಕರೆಯನ್ನು ಓದುವುದು ಒಂದು, ತೂಕವನ್ನು ಓದುವುದು ಒಂದು. ನಡಿಗೆ ನಿದ್ದೆಗಳು ಕಣಜದಲ್ಲಿಯೇ ಇವೆ, ಯಾರಿಗೂ ಹೋಗುವುದಿಲ್ಲ. ಮೊನ್ನೆ ವೈದ್ಯರಲ್ಲಿಗೆ ಹೋಗುವಾಗ ಮೂರು ತಿಂಗಳ ಪುಟಗಳನ್ನು ನನಗೂ ತೋರಿಸಿದಳು. ಯುಗಾದಿಯ ದಿನದ ಕೆಳಗೆ ಬರೆದಿದೆ: ‘ಹೋಳಿಗೆ ೨, ತುಪ್ಪ ೧ ಚಮಚ. ರಾತ್ರಿ ಮತ್ತೆ ಅರ್ಧ.’